ಸೆಳೆವ ಹಕ್ಕಿಯ ಒಳಪಂಗಡ

ಸಾರವಾಡದಲ್ಲಿರುವ ತಂಗಿಗೆ ಟಿಕೋಟಾದಿಂದ ನಿನ್ನ ಅಕ್ಕ ಬರೆಯುವುದು. “ಅವರ ಒಳಪಂಗಡ ಬ್ಯಾರೆ, ಏನು ಭೇದ ಐತಿ ನೋಡ್ಕೊಂಡು ಬಾ” ಎಂದು ಕಳಿಸಿದೆಯಲ್ಲ, ನೋಡಿದೆ. ನಿನ್ನ ಮೊಮ್ಮಗಳು ಶೈಲಶ್ರೀ ಮೆಚ್ಚಿದ ಹುಡುಗ ಸಂಗನಬಸವ ನನ್ನನ್ನು ಮನೆಗಿಂತ ಮೊದಲು ಊರಾಚೆಯ ಹುಲ್ಲಿನ ಮಾಳಕ್ಕೆ ಕರೆದೊಯ್ದು ಕಣ್ಣಿಗೆ ದುರ್ಬೀನು ಹಿಡಿದ. ಹುಲ್ಲಿನ ಮೇಲೆ ತೇಲುತ್ತಿದ್ದ ಹದ್ದಿನಂಥ ಹಕ್ಕಿಗಳಿಗೆ ಸೆಳೆವ ಎನ್ನುತ್ತಾರಂತೆ. ಒಂದು ಬಿಳಿ ಸೆಳೆವ, ಇನ್ನೊಂದು ಅದರ ದಾಯಾದಿ. ದಾಯಾದಿಯ ಗಂಡಿಗೆ ರೆಕ್ಕೆಯ ಮೇಲೆ ಒಂದು ಕರಿಗೆರೆ ಹೆಚ್ಚು, ಅಷ್ಟೇ. ಹೆಣ್ಣುಗಳಲ್ಲಿ ಅದೂ ಇಲ್ಲ, ಕೊರಳಿನ ಬಿಳಿ ಪಟ್ಟಿ ಹುಡುಕಬೇಕು. ಜೊತೆಗೆ ಬಂದಿದ್ದ ಅವನ ಅಪ್ಪ, ಅವನು, ಇಬ್ಬರೂ ಒಂದು ಹೆಣ್ಣುಹಕ್ಕಿಯ ಕುಲಕ್ಕಾಗಿ ಊಟದ ಹೊತ್ತಿನವರೆಗೆ ಜಗಳಾಡಿದರು, ಥೇಟ್ ನಮ್ಮ ಹಿರಿಯರ ಹಾಗೆ.

“ಇವೆರಡೂ ಬೀಗತನ ಮಾಡ್ತಾವೇನೋ?” ಎಂದೆ.

“ಅಪರೂಪಕ್ಕ ಮಾಡ್ತಾವ್ರಿ ಆಯಿ. ಮಲಗೂದಂತೂ ಒಂದೇ ಹುಲ್ಲಾಗ.”

“ನನ್ನ ತಂಗಿಗೆ ಹೇಳಬ್ಯಾಡಪ್ಪಾ, ಆ ಹುಲ್ಲಿಗೆ ಬೆಂಕಿ ಹಚ್ಚಿಬಿಟ್ಟಾಳು!”

ಆಮೇಲೆ ಅವರ ಮನೆಯಲ್ಲಿ ಊಟಕ್ಕೆ ಕುಳಿತಾಗ ನೀನು ಹೇಳಿದ ಭೇದ ಸಿಕ್ಕಿತು. ನಾವು ಹೋಳಿಗೆಗೆ ತುಪ್ಪ ಹಾಕುತ್ತೇವೆ, ಅವರು ಹಾಲು ಹಾಕುತ್ತಾರೆ. ಪರೀಕ್ಷೆ ಪೂರ್ತಿಯಾಗಲೆಂದು ಎರಡನ್ನೂ ಹಾಕಿಸಿಕೊಂಡು ತಿಂದೆ. ಹೊಟ್ಟೆ ಚೆನ್ನಾಗಿದೆ, ಮಾಳ ಸುತ್ತಿ ಮೊಣಕಾಲು ಮಾತ್ರ ಹಿಡಿದಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ನಿನ್ನ ಹೆಸರಿನಲ್ಲಿ ನಾನೇ ಒಪ್ಪಿಕೊಂಡು ಸಕ್ಕರೆ ಹಂಚಿಸಿದ್ದೇನೆ. ಭಾನುವಾರ ಅವರನ್ನು ಕರೆದುಕೊಂಡು ಬರುತ್ತೇನೆ. ನನ್ನನ್ನು ಬೈಯುವುದನ್ನು ಅಷ್ಟರೊಳಗೆ ಮುಗಿಸಿ, ಹೋಳಿಗೆ ಮಾಡಿ, ಹಾಲು ಹೆಚ್ಚಿಗೆ ಕಾಸಿಡು.

ನಿನ್ನ ಅಕ್ಕ,
ಅಕ್ಕನಾಗಮ್ಮ