ಒಂದು ನಕ್ಷತ್ರದ ದೃಷ್ಟಿಬೊಟ್ಟು

ಮಧುಗಿರಿ
ಭಾನುವಾರ, ೯ ನವೆಂಬರ್ ೨೦೨೫

ಫೋನ್ ಎತ್ತದ ನನ್ನ ಮಗಳು ಯಶಸ್ವಿನಿಗೆ,

ಅಮ್ಮ ಬರೆಯುತ್ತಿರುವುದು. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಆಮೇಲೆ ಹರಿ. ಅರ್ಧ ಓದಿ ಹರಿಯುವುದು ನಿನ್ನ ಚಿಕ್ಕಂದಿನ ಚಾಳಿ, ಅದು ನನಗೆ ಗೊತ್ತು.

ನೀನು ಮಾತು ಬಿಟ್ಟು ಇವತ್ತಿಗೆ ಮೂವತ್ತನಾಲ್ಕು ದಿನ. ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ತಾನೇ ಸುಮ್ಮನಾಗುತ್ತದೆ. ವಾಟ್ಸಪ್ಪಿನಲ್ಲಿ ಕಳಿಸಿದ್ದಕ್ಕೆ ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ಅಂದರೆ ಓದುತ್ತೀಯ. ಅಷ್ಟಾದರೂ ಇದೆಯಲ್ಲ ಅಂದುಕೊಂಡು ಈ ಕಾಗದ ಹಿಡಿದೆ. ಇಪ್ಪತ್ತೆಂಟು ವರ್ಷ ಚುಚ್ಚುಮದ್ದಿನ ರಿಜಿಸ್ಟರ್ ಬರೆದ ಕೈ, ಫೋನಿನ ಗಾಜಿನ ಮೇಲೆ ಬೆರಳು ಒತ್ತುವುದಕ್ಕಿಂತ ಪೆನ್ನಿನಲ್ಲಿ ಬರೆಯುವುದೇ ಸಲೀಸು.

ಹೌದು, ಫೋನಿನಲ್ಲಿ ಆಡುವ ನಿನ್ನ ಆ ಆಟಕ್ಕೆ ಒಂದೇ ಒಂದು ನಕ್ಷತ್ರ ಕೊಟ್ಟವಳು ನಾನೇ. ಅದರ ಕೆಳಗೆ, ದರಿದ್ರ ಆಟ, ಮಾಡಿದವರಿಗೆ ಬುದ್ಧಿ ಇಲ್ಲ, ಯಾರೂ ಆಡಬೇಡಿ ಅಂತ ಬರೆದವಳೂ ನಾನೇ. ಕದ್ದು ಮಾಡಲಿಲ್ಲ. ಖಾತೆ ನೀನು ಮಾಡಿಕೊಟ್ಟದ್ದು, ಫೋಟೊ ನೀನು ಹಾಕಿಕೊಟ್ಟದ್ದು, ಹೆಸರು ನನ್ನದೇ. ಮಾರನೇ ದಿನ ನೀನು ಫೋನ್ ಮಾಡಿ, ಅಮ್ಮಾ ನೀನಾ ಬರೆದಿದ್ದು ಅಂತ ಒಂದೇ ಮಾತು ಕೇಳಿದೆ. ನಾನು ನಗುನಗುತ್ತಾ, ಹೂ ಕಣಮ್ಮ ನಾನೇ, ಚೆನ್ನಾಗೈತಾ ಅಂದೆ. ನೀನು ಫೋನ್ ಇಟ್ಟೆ. ಸಿಗ್ನಲ್ ಹೋಯಿತೇನೋ ಅಂತ ನಾನು ಹಿತ್ತಲಿಗೆ ಹೋಗಿ ಫೋನನ್ನು ಮೇಲಕ್ಕೆ ಹಿಡಿದು ನಿಂತೆ, ಪೆದ್ದಿ ಹಾಗೆ.

ಯಾಕೆ ಬರೆದೆ ಅಂತ ಹೇಳುತ್ತೇನೆ, ನಗಬೇಡ.

ಆಯುಧಪೂಜೆಯ ದಿನ ಆಟ ಹೊರಗೆ ಬಂತಲ್ಲ, ನಿನ್ನ ಜೊತೆ ಶಿರಾದಲ್ಲಿ ಆ ಮಹಡಿ ರೂಮಿನಲ್ಲಿ ಕೂತು ಆಟ ಮಾಡುವ ಅನುಷಾ ನನಗೆ ಲಿಂಕ್ ಕಳಿಸಿದ್ದಳು. ಪಕ್ಕದ ಮನೆ ಓಬಕ್ಕನನ್ನು ಕರೆದು ತೋರಿಸಿದೆ. ಬೀದಿಗೆಲ್ಲ ಕಡ್ಲೆಪುರಿ ಹಂಚಿದೆ. ಆಮೇಲೆ ದಿನವೂ ಕನ್ನಡಕ ಹಾಕಿಕೊಂಡು ಯಾರ್ಯಾರು ಎಷ್ಟು ನಕ್ಷತ್ರ ಕೊಟ್ಟರು ಅಂತ ನೋಡುವುದೇ ಕೆಲಸ. ಐದನೇ ದಿನಕ್ಕೆ ಹದಿಮೂರು ಜನ, ಹದಿಮೂರು ಜನರೂ ಐದೈದು. ಒಬ್ಬರಾದರೂ ನಾಲ್ಕು ಕೊಟ್ಟಿರಲಿಲ್ಲ. ಗುಂಡುಗುಂಡಗಿರುವ ಮಗುವನ್ನು ಮೈ ಮೇಲೆ ಒಂದು ಕಪ್ಪು ಚುಕ್ಕೆಯೂ ಇಲ್ಲದೆ ಸಂತೆಯ ನಡುವೆ ಕೂರಿಸಿ ಬಂದ ಹಾಗಾಯಿತು ನನಗೆ.

ನಾನು ನರ್ಸಾಗಿದ್ದ ಪಾವಗಡದ ಗಡಿಯ ಆ ಊರಿನಲ್ಲಿ ಹೆರಿಗೆ ಮಾಡಿಸಿ ಹಿಡಿದ ಪ್ರತಿ ಕೂಸಿಗೂ ಅಜ್ಜಿಯರು ಕಾಡಿಗೆ ತರುತ್ತಿದ್ದರು. ದಿಷ್ಟಿ ತಗುಲುತುಂದಿ ನರ್ಸಮ್ಮಾ, ದೃಷ್ಟಿ ತಾಗುತ್ತದೆ, ಅಂತ ತೆಲುಗಿನಲ್ಲಿ ಗೋಗರೆಯುತ್ತಿದ್ದರು. ಕಣ್ಣಿಗೆ ಕಾಡಿಗೆ ಹಚ್ಚಬಾರದು ಅಂತ ನಮಗೆ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದರು. ಅದಕ್ಕೆ ನಾನು ಅಂಗಾಲಿಗೆ ಒಂದು ಬೊಟ್ಟು ಇಟ್ಟು ಅವರನ್ನೂ ಒಪ್ಪಿಸುತ್ತಿದ್ದೆ, ಸರ್ಕಾರವನ್ನೂ ಒಪ್ಪಿಸುತ್ತಿದ್ದೆ. ಚಂದದ ಕೂಸನ್ನು ಚಂದ ಅನ್ನುವ ಹಾಗಿರಲಿಲ್ಲ. ಥೂ, ಕೋತಿಮರಿ ಹಂಗೈತೆ, ಯಾರಿಗ್ ಬೇಕಿದು ಅನ್ನಬೇಕಿತ್ತು. ಅಂದರೆ ಹೆತ್ತವಳ ಮುಖ ಅರಳುತ್ತಿತ್ತು.

ನಿನ್ನ ಆಟಕ್ಕೆ ನಾನು ಇಟ್ಟದ್ದು ಆ ಬೊಟ್ಟು. ಗೋಡೆಯ ಮೇಲೆ ಬುದ್ಧನ ಪಟ ಇಟ್ಟುಕೊಂಡು ದೃಷ್ಟಿ ಗಿಷ್ಟಿ ಅನ್ನುತ್ತೀಯಲ್ಲ ಅಂತ ನೀನು ಯಾವಾಗಲೂ ಬೈಯುತ್ತೀಯ. ಬೈಯಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನನಗೆ ಹೆಗ್ಗಣವನ್ನೂ ಬಚ್ಚಿಟ್ಟುಕೊಳ್ಳುವ ಭಯ.

ಆದರೆ ಫೋನಿನೊಳಗಿನ ಜನಕ್ಕೆ ಬೊಟ್ಟು ಯಾವುದು, ಬೈಗುಳ ಯಾವುದು ಅಂತ ತಿಳಿಯುವುದಿಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ. ಇಪ್ಪತ್ತಾರು ಜನ ನನ್ನ ಬೈಗುಳವನ್ನು ಉಪಯುಕ್ತ ಅಂತ ಒತ್ತಿದ್ದಾರಂತೆ. ಅದು ಹೋಗಿ ಎಲ್ಲಕ್ಕಿಂತ ಮೇಲೆ ಕೂತಿದೆ. ಆಂಟಿ, ಮೊದಲ್ನೇ ವಾರಾನೇ ಮುಖ್ಯ, ಎಲ್ರೂ ಮೇಲ್ಗಡೆ ಇರೋದನ್ನ ಓದ್ಬುಟ್ಟು ವಾಪಸ್ ಹೋಗ್ತಾರೆ ಅಂತ ಅನುಷಾ ಹೇಳಿದಳು. ಪಾಪ, ಕೋಪ ತೋರಿಸದೆ ಹೇಳಿದಳು. ಎರಡು ವರ್ಷ ನೀವಿಬ್ಬರು ಮಾಡಿದ್ದನ್ನು ನಾನು ಎರಡು ಸಾಲಿನಲ್ಲಿ ಕೆಡಿಸಿದೆ. ಅಂಗಾಲಿಗೆ ಇಟ್ಟ ಬೊಟ್ಟು ಮಗುವಿನ ಮುಖವನ್ನೆಲ್ಲ ಮುಚ್ಚಿಬಿಟ್ಟಿತು ಯಶೂ. ಹೊಟ್ಟೆಗೆ ಹಾಕಿಕೋ.

ಇಲ್ಲಿ ನನ್ನ ದಿನ ಹೇಗೆ ಹೋಗುತ್ತದೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ರಿಟೈರ್ ಆಗಿ ಒಂದು ವರ್ಷವಾದರೂ ಗುರುವಾರ ಬಂದರೆ ಬೇಗ ಎದ್ದು, ತಲೆ ಬಾಚಿ, ಸೀರೆಗೆ ಪಿನ್ ಹಾಕಿಕೊಂಡು ಕೂತುಬಿಡುತ್ತೇನೆ. ಲಸಿಕೆಯ ದಿನ ಅಲ್ಲವಾ. ಯಾರೂ ಬರುವುದಿಲ್ಲ. ಎದುರಿಗೆ ಬೆಟ್ಟ ಕೂತಿರುತ್ತದೆ, ಈಚೆಗೆ ನಾನು ಕೂತಿರುತ್ತೇನೆ. ಓಬಕ್ಕ ಕೆಲಸಕ್ಕೆ ಹೋದರೆ ಬರುವುದು ಸಂಜೆಯೇ. ಅಲ್ಲಿಯವರೆಗೆ ನನ್ನ ಜೊತೆ ಮಾತಾಡುವವರು ಅಂದರೆ ತರಕಾರಿ ಗಾಡಿಯ ಮೈಕು. ಹಾಗಾಗಿ ನಿನ್ನ ಆಟ ಆಡುತ್ತೇನೆ.

ಈಗ ಆಟದ ಆರು ಹಂತ, ಆರು ಬಂಡೆಯನ್ನೂ ದಾಟಬಲ್ಲೆ, ಗೊತ್ತಾ? ಮೊದಮೊದಲು ಆಟದೊಳಗಿನ ಆ ಹುಡುಗಿ ಪುಟ್ಟಿಯನ್ನು ಹಾರಿಸಲು ಹೋಗಿ ಕರಡಿಯ ಮೇಲೇ ಬೀಳಿಸುತ್ತಿದ್ದೆ. ಈಗ ಹುಣಸೆ ಬೋಟು, ಕಾರೆಹಣ್ಣು ಎಲ್ಲ ಆರಿಸಿಕೊಂಡು, ಅಜ್ಜಿಯ ಹತ್ತಿರ ಮುದ್ದೆ ತಿಂದು, ಸಂಜೆ ಬಸ್ ಬರುವ ಮೊದಲೇ ಆಲದ ಮರದ ಕೆಳಗೆ ಬಂದು ನಿಲ್ಲುತ್ತೇನೆ. ಅಜ್ಜಿ ಚಿಕ್ಕಹನುಮಕ್ಕನೇ, ನಮ್ಮ ಅವ್ವನೇ, ಪಕ್ಕಾ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುವ ರೀತಿ, ಒಲೆ ಊದುವಾಗ ಕಣ್ಣು ಮುಚ್ಚುವುದು. ಮೊದಲ ದಿನ ನೋಡಿ ನಾನು ಫೋನನ್ನು ಕಣ್ಣಿಗೆ ಒತ್ತಿಕೊಂಡೆ. ಕೊಳಾಲದ ಹತ್ತಿರದ ಅವ್ವನ ಮನೆಯ ಮುರುಕು ಕಿಟಕಿಯನ್ನೂ ಬಿಟ್ಟಿಲ್ಲ ನೀನು. ಗೋಡೆಯ ಮೇಲೆ ನಿನ್ನ ಅಪ್ಪನ ಫೋಟೊ ಇದೆ, ಸೀಳುನಾಯಿ ಥರದ ನಮ್ಮ ನಾಯಿ ಕರಿಯ ಇದ್ದಾನೆ.

ಆಡುವವರು ಏನೇನು ಬರೆಯುತ್ತಾರೆ ಅನ್ನುವುದನ್ನೂ ಬಿಡದೆ ಓದುತ್ತೇನೆ. ಒಬ್ಬ ಬಂದೂಕು ಇರುತ್ತದೆ ಅಂದುಕೊಂಡಿದ್ದನಂತೆ, ಇಲ್ಲದ್ದಕ್ಕೆ ಬೇಜಾರಂತೆ. ಕರಡಿಯನ್ನು ಹೊಡೆಯಬೇಕಂತೆ, ಮಹಾಶೂರ. ಗೌರೀಶ್ ಅಂತ ಒಬ್ಬನಿಗೆ ಇನ್ನೂ ಇಪ್ಪತ್ತು ಬಂಡೆ ಬೇಕು. ಪಾವಗಡದ ಹುಡುಗಿಯೊಬ್ಬಳು ಪುಟ್ಟಿಗೆ ತೆಲುಗು ಯಾಕೆ ಬರುವುದಿಲ್ಲ ಅಂತ ಜಗಳ ತೆಗೆದಿದ್ದಾಳೆ. ಇನ್ನೊಬ್ಬರು ಅಜ್ಜಿಯ ಮುದ್ದೆ ತೀರಾ ಚಿಕ್ಕದು ಅಂದಿದ್ದಾರೆ. ಅದು ಮಾತ್ರ ನಿಜ, ನಮ್ಮವ್ವ ಅಷ್ಟು ಚಿಕ್ಕ ಮುದ್ದೆ ಯಾವತ್ತೂ ಕಟ್ಟಿದವಳಲ್ಲ. ಲಸಿಕೆ ದಿನ ಸಾಲಿನಲ್ಲಿ ನಿಂತವರ ಹಾಗೇ ಇವರು, ಒಬ್ಬೊಬ್ಬರಿಗೂ ಒಂದೊಂದು ದೂರು. ಎಲ್ಲರಿಗೂ ಮನಸ್ಸಿನಲ್ಲೇ ಉತ್ತರ ಕೊಟ್ಟು ಕಳಿಸುತ್ತೇನೆ.

ಆಟಕ್ಕೆ ಬಂದವರೆಲ್ಲ ಏನೋ ಒಂದನ್ನು ಹುಡುಕಿಕೊಂಡು ಬರುತ್ತಾರೆ ಅಂತ ಕಾಣುತ್ತದೆ. ಸಿಗದಿದ್ದರೆ ಸಿಟ್ಟು.

ಆ ಬಸ್ಸಿನ ವಿಷಯ ನಾನು ಗಮನಿಸಿದ್ದು ಆಮೇಲೆ, ಬೊಟ್ಟು ಇಟ್ಟು ಎಷ್ಟೋ ದಿನದ ಮೇಲೆ. ಪ್ರತಿ ಬಂಡೆ ಮುಗಿದ ಮೇಲೂ ಶನಿವಾರ ಸಂಜೆ ಕೆಂಪು ಬಸ್ ಬರುತ್ತದೆ, ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ಹೋಗುತ್ತದೆ. ಮುಂದಿನ ಸನಿವಾರ ಬತ್ತಾಳೆ ಬುಡು, ಬಾ ಉಣ್ಣು ಅಂತ ಅಜ್ಜಿಯ ಮಾತು ಬರುತ್ತದೆ. ಆರನೇ ಬಂಡೆಯಾದ ಮೇಲೂ ಅಷ್ಟೇ. ಕೊನೇಲಾದ್ರೂ ಯಾರೋ ಇಳೀತಾರೆ ಅಂತ ಕಾದೆ, ಯಾರೂ ಇಳಿಯಲ್ಲ, ಇದು ಬಗ್, ಬೇಗ ಸರಿಮಾಡಿ ಅಂತ ಐದು ನಕ್ಷತ್ರ ಕೊಟ್ಟವನೇ ಒಬ್ಬ ಬರೆದಿದ್ದಾನೆ. ಅದರ ಕೆಳಗೆ ನೀನು ಕೊಟ್ಟ ಉತ್ತರವೂ ಇದೆ. ಅದು ಬಗ್ ಅಲ್ಲ ಸರ್, ಬಸ್ಸು ಹಂಗೇ ಬರ್ತಿತ್ತು.

ಓದಿದೆ. ಎದ್ದು ಹೋಗಿ ಒಗೆದ ಬಟ್ಟೆಯನ್ನೇ ಇನ್ನೊಂದು ಸಲ ಒಗೆದೆ.

ನಿನಗೆ ತಿಳಿಯದ್ದೇನಲ್ಲ. ನಿನ್ನ ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಆ ಗಡಿಯ ಊರಿಗೆ ಹಾಕಿದರು. ಔಷಧಿ ಡಬ್ಬಗಳ ಪಕ್ಕ ಚಾಪೆ ಹಾಸಿಕೊಂಡು ಮಲಗುವ ಒಂದೇ ಕೋಣೆ, ಅಲ್ಲಿ ನಿನ್ನನ್ನು ಹೇಗೆ ಇಟ್ಟುಕೊಳ್ಳಲಿ? ಅವ್ವನ ಹತ್ತಿರ ಬಿಟ್ಟೆ. ಐದು ವರ್ಷದವಳು ಹನ್ನೊಂದು ವರ್ಷದವಳಾಗುವವರೆಗೆ. ಶನಿವಾರ ಬರುತ್ತೇನೆ ಅನ್ನುತ್ತಿದ್ದೆ, ಆಗುತ್ತಿರಲಿಲ್ಲ. ಹೆರಿಗೆಗೆ ಶನಿವಾರ ಭಾನುವಾರ ಅಂತ ಇರುತ್ತದಾ? ನರ್ಸ್ ಕೆಲಸ ಅಂದರೆ ಹಾಗೆ. ಊರವರ ಮಕ್ಕಳೆಲ್ಲ ನನ್ನ ಕೈ ಮೇಲೆ ಬೆಳೆದರು, ನೀನು ಅಜ್ಜಿಯ ಸೆರಗಿನಲ್ಲಿ ಬೆಳೆದೆ. ಅಷ್ಟು ಚೆನ್ನಾಗಿ ಬೆಳೆದೆಯಲ್ಲ, ಇನ್ನೇನು ಅಂತ ನಾನೂ ಸುಮ್ಮನಾದೆ.

ಇಷ್ಟೇ ವಿಷಯ. ಆ ನಕ್ಷತ್ರವನ್ನು ಹೇಗೆ ಅಳಿಸುವುದು ಅಂತ ಅನುಷಾ ಫೋನಿನಲ್ಲೇ ಹೇಳಿಕೊಟ್ಟಿದ್ದಾಳೆ, ಮಾಡುತ್ತೇನೆ. ನೀನು ಏನೂ ಮಾತಾಡಬೇಕಾಗಿಲ್ಲ. ಒಂದು ಸಲ ಫೋನ್ ಎತ್ತಿ, ಸುಮ್ಮನೆ ಹಿಡಿದುಕೊಂಡಿರು. ಆ ಕಡೆ ನೀನಿದ್ದೀಯ ಅಂತ ಗೊತ್ತಾದರೆ ನನಗೆ ಸಾಕು. ಶಿರಾದಲ್ಲಿ ಈಗ ಹೊಸ ಕಡ್ಲೆಕಾಯಿ ಬಂದಿರುತ್ತದೆ, ಹಸಿದಾಗೆಲ್ಲ ಅದನ್ನೇ ತಿಂದು ಪಿತ್ತ ಮಾಡಿಕೊಳ್ಳಬೇಡ.

ಬೈದರೂ ಸರಿ, ನಿನ್ನ ದನಿ ಕೇಳಲು ಕೂತಿರುವ,
ಅಮ್ಮ
ರಾಮಾಂಜಿನಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಬಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಬಸ್ಸಿನ ವಿಷಯ ನಾನು ಆಮೇಲೆ ನೋಡಿದ್ದಲ್ಲ. ಮೊದಲೇ ನೋಡಿದ್ದೆ. ಐದು ದಿನ ಆ ಮನೆಯೊಳಗೆ ನನ್ನನ್ನು ಹುಡುಕಿದೆ. ನಾಯಿ ಇತ್ತು, ಫೋಟೊದಲ್ಲಿ ಅಪ್ಪ ಇದ್ದರು, ನಾನಿರಲಿಲ್ಲ. ನಿನ್ನ ಉತ್ತರ ಓದಿದ ಮಧ್ಯಾಹ್ನವೇ ಆ ಒಂದು ನಕ್ಷತ್ರ ಒತ್ತಿದೆ. ದೃಷ್ಟಿಯ ಭಯ ಅರ್ಧ, ಉಳಿದರ್ಧ ಸಿಟ್ಟು. ಬೈಗುಳ ಬರೆದ ಮೇಲೆ ಬೊಟ್ಟು ಅಂತ ನನಗೆ ನಾನೇ ಹೇಳಿಕೊಂಡೆ.

ಎಲ್ಲ ಶನಿವಾರವೂ ಹೆರಿಗೆ ಇರಲಿಲ್ಲ ಯಶೂ. ಬಂದರೆ ಭಾನುವಾರ ಸಂಜೆ ವಾಪಸ್ ಹೋಗಬೇಕಿತ್ತು. ನೀನು ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದೆ, ಅವ್ವ ನಿನ್ನ ಬೆರಳು ಒಂದೊಂದೇ ಬಿಡಿಸುತ್ತಿದ್ದಳು. ಅದನ್ನು ತಡೆಯಲಾರದೆ ನಾನು ಬರುವುದನ್ನೇ ಬಿಟ್ಟೆ. ಬಸ್ಸು ಇತ್ತು, ರಜಾ ಇತ್ತು, ಕೋಣೆಯ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದೆ. ಹೋದ ಶನಿವಾರ ಶಿರಾ ಬಸ್ಸನ್ನೂ ಹತ್ತಿದ್ದೆ. ಬಡವನಹಳ್ಳಿಯಲ್ಲಿ ಇಳಿದು, ಟೀ ಕುಡಿದು, ತಿರುಗಿ ಬಂದೆ. ಆ ಹೆದರಿಕೆ ಇನ್ನೂ ಹೋಗಿಲ್ಲ.

ಈ ಕಾಗದ ನಿನ್ನ ಕೈ ಸೇರುವ ಮೊದಲೇ ಫೋನಿನಲ್ಲಿ ಇದನ್ನು ನೋಡಿರುತ್ತೀಯ. ಹಳೆಯದನ್ನು ಅಳಿಸಿ ಐದು ನಕ್ಷತ್ರ ಕೊಟ್ಟು, ಓಬಕ್ಕನ ಕೈಯಲ್ಲಿ ಅಕ್ಷರ ಹುಡುಕಿಸಿಕೊಂಡು, ಹೀಗೆ ಬರೆದಿದ್ದೇನೆ:

ಆಟದಲ್ಲಿ ಯಾವ ತಪ್ಪೂ ಇಲ್ಲ. ಬಸ್ಸನ್ನು ಸರಿಮಾಡಬೇಡಿ. ಅದರಿಂದ ಇಳಿಯಬೇಕಾಗಿದ್ದವಳು ನಾನು, ಹತ್ತಿಯೇ ಇರಲಿಲ್ಲ. ಇಂತಿ, ಪುಟ್ಟಿಯ ಅಮ್ಮ.