ಕೊಟ್ಟಿಗೆಗಿಲ್ಲದ ಮೈಲಿಗೆ

ಕಾಡುಗೋಡಿ, ಸೋಮವಾರ

ಮನೆ ಮಾಲೀಕರಾದ ಮುನೀಂದ್ರಣ್ಣನವರಿಗೆ, ಮೇಲಿನ ಮನೆಯ ವೇಣಿ ಮಾಡುವ ನಮಸ್ಕಾರ.

“ಬಾಡ್ಗೆ ಮನೇಲಿ ಹೆರ್ಗೆ ಆದ್ರೆ ನಮ್ ದೇವ್ರಿಗೆ ಮೈಲ್ಗೆ ಕಣಮ್ಮ, ಆಸ್ಪತ್ರೆಗೋಗು” ಎಂದು ಮೆಟ್ಟಿಲ ಮೇಲೆ ನಿಂತು ಮೂರು ಸಲ ಹೇಳಿದ್ದೀರಿ. ಮೊದಲ ಹೆರಿಗೆಗೆ ಆಸ್ಪತ್ರೆಗೇ ಹೋಗಿದ್ದೆ. ಅಲ್ಲಿ ಒಬ್ಬಳೇ ಮಲಗಿ, ನೋವಿಗೆ ಕೂಗಿದ್ದಕ್ಕೆ ಬೈಸಿಕೊಂಡೆ. ಈ ಸಲ ಇಲ್ಲೇ ಹೆರುತ್ತೇನೆ; ಸೂಲಗಿತ್ತಿ ಈಶ್ವರಮ್ಮ ನನ್ನ ಕೈ ಹಿಡಿದು ಕೂರುತ್ತಾರೆ. ನರ್ಸಮ್ಮನೂ ನೋಡಿ ಹೋಗಿದ್ದಾರೆ.

ನಿಮ್ಮಿಂದ ಬೇಕಾದದ್ದು ಇಷ್ಟೇ. ಬೆಳಿಗ್ಗೆಯೇ ನೀರಿನ ಮೋಟಾರ್ ಹಾಕಿ; ನಾವು ನೀರು ಕಾಯಿಸಿಕೊಳ್ಳಬೇಕು. ಗೇಟಿಗೆ ಅಡ್ಡ ನಿಲ್ಲಿಸುವ ಕಾರು ತೆಗೆಯಿರಿ. ಅಕಸ್ಮಾತ್ ಆಸ್ಪತ್ರೆಗೆ ಓಡಬೇಕಾದರೆ ಆಟೋ ಒಳಗೆ ಬರಬೇಕು. ಈಶ್ವರಮ್ಮ ಬಂದರೆ ಗೇಟಿನಲ್ಲಿ ಪಂಚಾಯ್ತಿ ಮಾಡದೆ ಮೇಲೆ ಕಳಿಸಿ.

ಇನ್ನು ಮೈಲಿಗೆಯ ಮಾತು. ಹೋದ ತಿಂಗಳು ನಿಮ್ಮ ಹಸು ಕೊಟ್ಟಿಗೆಯಲ್ಲಿ, ಅದೇ ದೇವರ ಮನೆಯ ಗೋಡೆಗೆ ಒರಗಿಕೊಂಡು ಕರು ಹಾಕಿತು. ಆಗ ನೀವು ಎಲ್ಲ ಬಾಡಿಗೆದಾರರ ಬಾಗಿಲು ತಟ್ಟಿ, “ಮಾಲಕ್ಷ್ಮಿ ಬಂದವ್ಳೆ, ತಗೊಳ್ಳಿ” ಎಂದು ಗಿಣ್ಣು ಹಂಚಿದಿರಿ. ನನಗೂ ಹೆಣ್ಣಾದರೆ ಅದೇ ಮಾತು ಹೇಳಿ, ನೋಡೋಣ.

ಗಿಣ್ಣು ಮಾತ್ರ ಕೇಳಬೇಡಿ.

ಇಂತಿ,
ದಿನ ತುಂಬಿರುವ, ತಾಳ್ಮೆ ಮುಗಿದಿರುವ
ವೇಣಿ