ಮುಟ್ಟದೆ ತಳ್ಳಿದ ಕೈ

ಗದಗ, ಫೆಬ್ರವರಿ ೩೦, ೨೨೯೧

ಹಿಂದಿನ ಕಾಲದವರಿಗೆ ಗಿರಿಜವ್ವನ ನಮಸ್ಕಾರ. ತಾರೀಖು ತಪ್ಪೆಂದು ತಿದ್ದಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಇದನ್ನು ಓದುತ್ತಿರುವವರು ನೀವೇ ಎಂಬ ನಂಬಿಕೆಯೂ ನನಗಿಲ್ಲ. ನನ್ನ ಕೆಲಸವೇ ಅಂಥದ್ದು.

ನಾನು ಓಣಿಯಲ್ಲಿ ನ್ಯಾಯ ಹೇಳುವ ಪಂಚರ ಆಳಗಾರ್ತಿ. ಬೇರೆ ಬೇರೆ ವಿಡಿಯೊಗಳನ್ನು ಕೂಡಿಸಿ ಒಂದು ಮಾಡುವುದಕ್ಕೆ ನಾವು ಹೊಲಿಗೆ ಎನ್ನುತ್ತೇವೆ. ಪ್ರತಿ ವಸ್ತುವೂ ಕ್ಯಾಮೆರಾದಿಂದ ಎಷ್ಟು ದೂರವಿದೆ ಎಂಬ ಅಳತೆ ವಿಡಿಯೊದೊಳಗೇ ಇರುತ್ತದೆ, ಅದೇ ಆಳ, ಅದನ್ನು ಪರೀಕ್ಷಿಸುವವಳೇ ಆಳಗಾರ್ತಿ. ಹೊಲಿಗೆಯಲ್ಲಿ ಎರಡು ವಸ್ತುಗಳು ಒಂದೇ ಜಾಗಕ್ಕೆ ನುಗ್ಗಿದರೆ ನನ್ನ ಯಂತ್ರ ಡಿಕ್ಕಿ ಎಂದು ಗಂಟೆ ಬಾರಿಸುತ್ತದೆ. ಮದುವೆಯ ವಿಡಿಯೊಗೆ ತೀರಿಹೋದ ಅಜ್ಜಿಯನ್ನು ಸೇರಿಸುವುದು ಇಲ್ಲಿ ಮಾಮೂಲು. ಅಜ್ಜಿಯ ಮೊಣಕೈ ಪಾಯಸದ ಪಾತ್ರೆಯೊಳಗೆ ತೂರಿದಾಗ ಯಂತ್ರ ಗಂಟೆ ಬಾರಿಸಿದರೆ ಬೀಗರೆಲ್ಲ ನಗುತ್ತಾರೆ. ಬಾರಿಸದಿದ್ದರೆ ಕಣ್ಣು ಮುಚ್ಚಿ ನಂಬುತ್ತಾರೆ. ನನಗೆ ಕಸಿವಿಸಿ ಶುರುವಾಗುವುದೇ ಆಗ.

ಹೋದ ತಿಂಗಳು ನೀರಿನ ಟ್ಯಾಂಕಿನ ಮೆಟ್ಟಿಲಿಂದ ಈರಪ್ಪ ಬಿದ್ದು ಸತ್ತ. ಓಣಿಗೆ ನೀರು ಬಿಡುವ ಶಂಕ್ರವ್ವ ಅವನನ್ನು ತಳ್ಳುವ ವಿಡಿಯೊ ಪಂಚರ ಕೈಸೇರಿತು. ಯಾರು ತಂದರೆಂದು ಯಾರೂ ಕೇಳಲಿಲ್ಲ. ಯಂತ್ರ ಗಂಟೆ ಬಾರಿಸಲಿಲ್ಲ, ಆದ್ದರಿಂದ ಅಸಲಿ ಎಂದರು. ಅವಳಿಗೆ ಗಡಿಪಾರು, ಅವಳ ಕೂಸು ಗಂಡನ ಮನೆಯವರ ಪಾಲಿಗೆ ಎಂದು ಮಾತಾಯಿತು. "ಅಕ್ಕಾರ, ನಾ ಆ ಹೊತ್ತಿನ್ಯಾಗ ಅಲ್ಲಿ ಇರ್ಲೇ ಇಲ್ರಿ," ಎಂದಳು ಶಂಕ್ರವ್ವ. ಅವಳನ್ನೂ ನಾನು ನಂಬಲಿಲ್ಲ. ಆಳದ ಅಳತೆಗಳನ್ನು ತೆಗೆದು ನೋಡಿದೆ. ಅವಳ ಅಂಗೈಗೂ ಅವನ ಬೆನ್ನಿಗೂ ನಡುವೆ ನಾಲ್ಕು ಬೆರಳು ಅಂತರ. ಹೊಲಿದ ಕಳ್ಳ ಗಂಟೆಗೆ ಹೆದರಿ ಇಬ್ಬರನ್ನೂ ದೂರ ನಿಲ್ಲಿಸಿದ್ದ. ಮುಟ್ಟದೆ ತಳ್ಳುವುದು ಹೇಗೆ ಎಂದು ಪಂಚರನ್ನು ಕೇಳಿದೆ. ಅವಳನ್ನು ಬಿಟ್ಟರು. ನಾನು ಕಂಡುಹಿಡಿದದ್ದು ಊರಿಗೆಲ್ಲ ಡಂಗುರವಾಯಿತು.

ನಿನ್ನೆ ಅದೇ ಮೆಟ್ಟಿಲಿನ ಇನ್ನೊಂದು ವಿಡಿಯೊ ಬಂದಿದೆ, ಬೇರೆ ಕ್ಯಾಮೆರಾದ್ದಂತೆ. ಇದರಲ್ಲಿ ಅಂಗೈ ಬೆನ್ನಿಗೆ ಸರಿಯಾಗಿ ತಾಗುತ್ತದೆ, ಅಂಗಿ ಕೂಡ ಸುಕ್ಕಾಗುತ್ತದೆ. ಕಳ್ಳ ನನ್ನಿಂದಲೇ ಪಾಠ ಕಲಿತಿದ್ದಾನೆ. ಇದೂ ಹೊಲಿದದ್ದೇ ಎಂದು ತೋರಿಸಿಕೊಡಲು ನನ್ನ ಬಳಿ ಏನೂ ಇಲ್ಲ, ಭಯವಾಗುತ್ತಿದೆ. ಹೊಲಿಯುವ ಮುಂಚಿನ ಬಿಡಿ ವಿಡಿಯೊಗಳನ್ನು ಎತ್ತಿಡುವ ರೂಢಿ ಎಂದೋ ತಪ್ಪಿಹೋಗಿದೆ, ಅವಿದ್ದಿದ್ದರೆ ಪಕ್ಕದಲ್ಲಿಟ್ಟು ಹೊಲಿಗೆಯನ್ನು ತೋರಿಸಬಹುದಿತ್ತು. ತಪ್ಪಿದ್ದು ನಿಮ್ಮ ಕಾಲದಲ್ಲೇ ಎಂದು ನನ್ನ ಗುಮಾನಿ. ಕೂಡಿಸಿ, ಬೇಡವೆನ್ನುವುದಿಲ್ಲ, ಬಿಡಿಯಾದದ್ದನ್ನು ಮಾತ್ರ ಅಳಿಸಬೇಡಿ. ನಾಡಿದ್ದು ಪಂಚರು ಸೇರುತ್ತಾರೆ. ಶಂಕ್ರವ್ವ ಆಗಲೇ ಕೂಸಿನ ಬಟ್ಟೆಗಳನ್ನು ಬೇರೆ ಗಂಟು ಕಟ್ಟುತ್ತಿದ್ದಾಳೆ.